ಇನಿಟ್‌ಆರ್‌ಡಿಯನ್ನು ಕಣ್ಣುಮುಚ್ಚಿ ನಂಬಬೇಡಿ: ಲಿನಕ್ಸ್‌ನ ಆರಂಭಿಕ ಬೂಟ್ ಇಮೇಜನ್ನು ಪರಿಶೀಲಿಸಿ ಭದ್ರಪಡಿಸುವ ಸಮಗ್ರ ಮಾರ್ಗದರ್ಶಿ

ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದೆ, ಫರ್ಮ್‌ವೇರ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ಪ್ರೋಗ್ರಾಮನ್ನು ಮಾತ್ರ ಬೂಟ್ ಮಾಡಲು ಬಿಡುವ ವ್ಯವಸ್ಥೆ) ಚಾಲೂ ಇದೆ, ಕರ್ನಲ್‌ಗೆ ಸಹಿ ಇದೆ. ಇಷ್ಟೆಲ್ಲ ಇರುವ ಲಿನಕ್ಸ್ ಯಂತ್ರದಲ್ಲಿಯೂ ಯಾರ ತಪಾಸಣೆಗೂ ಒಳಪಡದೆ ಹಾದುಹೋಗುವ ಒಂದು ಕಡತವಿರುತ್ತದೆ. ಅದೇ ಇನಿಟ್‌ಆರ್‌ಡಿ ಅಥವಾ ಇನಿಟ್‌ರಾಮ್‌ಎಫ್‌ಎಸ್ ಎಂದು ಕರೆಯಲಾಗುವ ಆರಂಭಿಕ ಬೂಟ್ ಇಮೇಜ್. ಹೆಚ್ಚಿನ ವಿತರಣೆಗಳ ರೂಢಿಯ ವ್ಯವಸ್ಥೆಯಲ್ಲಿ ಫರ್ಮ್‌ವೇರ್ ಶಿಮ್ ಎಂಬ ಮೊದಲ ಹಂತದ ಪುಟ್ಟ ಬೂಟ್‌ಲೋಡರ್‌ನ ಸಹಿಯನ್ನು ನೋಡುತ್ತದೆ, ಶಿಮ್ ಗ್ರಬ್ ಎಂಬ ಮುಖ್ಯ ಬೂಟ್‌ಲೋಡರ್‌ನ ಸಹಿಯನ್ನು ನೋಡುತ್ತದೆ, ಆ ಬಳಿಕ ಕರ್ನಲ್‌ನ ಸಹಿಯನ್ನೂ ನೋಡಲಾಗುತ್ತದೆ. ಇನಿಟ್‌ಆರ್‌ಡಿಯ ಸರದಿ ಬಂದಾಗ ಮಾತ್ರ ಸಹಿ ಕೇಳುವವರೇ ಇಲ್ಲ. ಡಿಸ್ಕಿನ ಪಾಸ್‌ಫ್ರೇಸನ್ನು ನಿಮ್ಮಿಂದ ಕೇಳಿ ಪಡೆಯುವ ಪ್ರೋಗ್ರಾಮ್ ಇರುವುದು ಅದೇ ಕಡತದೊಳಗೆ ಎಂಬುದನ್ನು ನೆನಪಿಟ್ಟುಕೊಂಡರೆ, ಈ ಲೋಪ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಈ ಮಾರ್ಗದರ್ಶಿಯು ಲಿನಕ್ಸ್ ಟರ್ಮಿನಲ್ ಬಳಸಿ ಅಭ್ಯಾಸವಿರುವವರಿಗಾಗಿ ಇದೆ. ಆಜ್ಞೆಗಳ ಮತ್ತು ಕಡತಗಳ ಹೆಸರುಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವುಗಳ ಮೂಲ ಅಕ್ಷರಗಳನ್ನೇ ಬಳಸಿ, ಆಯ್ಕೆಗಳ ನಿಖರ ರೂಪಕ್ಕೆ ನಿಮ್ಮ ಯಂತ್ರದಲ್ಲಿರುವ ಮ್ಯಾನ್ ಪುಟವನ್ನು ನೋಡಿ.

ಸಂಶಯಕ್ಕೆ ಆಧಾರವೇನು

ಇನಿಟ್‌ರಾಮ್‌ಎಫ್‌ಎಸ್ ಎನ್ನುವುದು ಸಿಪಿಐಒ ಸ್ವರೂಪದ ಒಂದು ಸಂಗ್ರಹ. ಸಾಮಾನ್ಯವಾಗಿ ಅದನ್ನು ಜಿಜಿಪ್, ಎಕ್ಸ್‌ಜೆಡ್ ಅಥವಾ ಜೆಡ್‌ಎಸ್‌ಟಿಡಿಯಿಂದ ಕುಗ್ಗಿಸಲಾಗಿರುತ್ತದೆ. ಬೂಟ್‌ಲೋಡರ್ ಅದನ್ನು ಮೆಮೊರಿಗೆ ತಂದಿಡುತ್ತದೆ, ಕರ್ನಲ್ ಅದನ್ನು ಮೆಮೊರಿಯಲ್ಲಿಯೇ ಬಿಚ್ಚಿ, ಒಳಗಿರುವ ಇನಿಟ್ ಎಂಬ ಪ್ರೋಗ್ರಾಮನ್ನು ಮೊದಲ ಪ್ರಕ್ರಿಯೆಯಾಗಿ, ರೂಟ್ ಅಧಿಕಾರದೊಂದಿಗೆ ಓಡಿಸುತ್ತದೆ. ಆ ಪ್ರೋಗ್ರಾಮ್ ಬೇಕಾದ ಡ್ರೈವರ್‌ಗಳನ್ನು ಹೇರಿ, ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ಸ್ವರೂಪ) ಪಾರ್ಟಿಷನ್ ಬಿಡಿಸಿ, ನಿಜವಾದ ರೂಟ್ ಕಡತವ್ಯವಸ್ಥೆಯನ್ನು ಮೌಂಟ್ ಮಾಡಿ, ಅಧಿಕಾರವನ್ನು ಅಲ್ಲಿನ ಇನಿಟ್‌ಗೆ ಒಪ್ಪಿಸಿ ಮರೆಯಾಗುತ್ತದೆ. ಮರೆಯಾಗುವಾಗ ತನ್ನ ಕಡತಗಳನ್ನೂ ಮೆಮೊರಿಯಿಂದ ಅಳಿಸಿಕೊಂಡು ಹೋಗುತ್ತದೆ. ಹಾಗಾಗಿ ಬೂಟ್ ಮುಗಿದ ಮೇಲೆ ಅದು ಏನೇನು ಮಾಡಿತು ಎಂಬುದಕ್ಕೆ ಕುರುಹು ಉಳಿಯುವುದು ಬಹಳ ಕಡಿಮೆ.

ಇದಕ್ಕೆ ಸಹಿ ಇಲ್ಲದಿರಲು ಕಾರಣ ಅಲಕ್ಷ್ಯವಲ್ಲ. ಕರ್ನಲ್ ವಿತರಣೆಯ ಕಡೆಯಿಂದ ಸಿದ್ಧವಾಗಿಯೇ ಬರುತ್ತದೆ, ಆದ್ದರಿಂದ ಅದಕ್ಕೆ ಅವರೇ ಸಹಿ ಮಾಡಿ ಕಳಿಸಬಲ್ಲರು. ಇನಿಟ್‌ಆರ್‌ಡಿ ಹಾಗಲ್ಲ, ಅದು ನಿಮ್ಮ ಯಂತ್ರದಲ್ಲಿಯೇ, ನಿಮ್ಮ ಡಿಸ್ಕಿನ ವಿನ್ಯಾಸಕ್ಕೆ, ನಿಮ್ಮ ಕೀಬೋರ್ಡ್ ಹಾಗೂ ಡ್ರೈವರ್‌ಗಳಿಗೆ ತಕ್ಕಂತೆ ಪ್ರತಿ ನವೀಕರಣದಲ್ಲಿಯೂ ಹೊಸದಾಗಿ ತಯಾರಾಗುತ್ತದೆ. ಡೆಬಿಯನ್ ಕುಟುಂಬದಲ್ಲಿ ಈ ಕೆಲಸವನ್ನು ಬಹುಕಾಲದಿಂದ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಮಾಡುತ್ತ ಬಂದಿದೆ, ಫೆಡೋರಾ ಮತ್ತು ರೆಡ್ ಹ್ಯಾಟ್ ಕಡೆ ಡ್ರಾಕಟ್, ಆರ್ಚ್‌ನಲ್ಲಿ ಎಂಕೆಇನಿಟ್‌ಸಿಪಿಐಒ. ಸ್ಥಳದಲ್ಲಿಯೇ ಹುಟ್ಟುವ ಕಡತಕ್ಕೆ ವಿತರಣೆಯವರ ಖಾಸಗಿ ಕೀಲಿಯಿಂದ ಸಹಿ ಸಿಗುವ ದಾರಿಯಿಲ್ಲ.

ಎನ್‌ಕ್ರಿಪ್ಟ್ ಆಗದ ಬೂಟ್ ಪಾರ್ಟಿಷನ್‌ನಲ್ಲಿ ಕುಳಿತ ಈ ಕಡತವನ್ನು, ಯಂತ್ರ ಕೆಲ ನಿಮಿಷ ಕೈಗೆ ಸಿಕ್ಕ ಯಾರೇ ಆದರೂ ಯುಎಸ್‌ಬಿಯಿಂದ ಬೂಟ್ ಮಾಡಿಯೋ ಡಿಸ್ಕನ್ನು ಕಳಚಿಯೋ ಬದಲಾಯಿಸಬಹುದು. ಹೋಟೆಲ್ ಕೋಣೆಯಲ್ಲಿ ಬಿಟ್ಟ ಲ್ಯಾಪ್‌ಟಾಪಿನ ಮೇಲೆ ನಡೆಯುವ ಇಂಥ ದಾಳಿಗೆ 2009ರಲ್ಲಿ ಜೊವಾನಾ ರುಟ್ಕೋವ್ಸ್ಕಾ ಅವರು ಇಟ್ಟ ಈವಿಲ್ ಮೇಡ್ ಎಂಬ ಹೆಸರೇ ಇಂದಿಗೂ ಬಳಕೆಯಲ್ಲಿದೆ. ಸೆಕ್ಯೂರ್ ಬೂಟ್ ಇರುವ ಯಂತ್ರಗಳಲ್ಲಿ ಕರ್ನಲ್ ಸಾಮಾನ್ಯವಾಗಿ ಲಾಕ್‌ಡೌನ್ ಸ್ಥಿತಿಯಲ್ಲಿದ್ದು ಸಹಿ ಇಲ್ಲದ ಮಾಡ್ಯೂಲ್‌ಗಳನ್ನು ನಿರಾಕರಿಸುತ್ತದೆ ಎಂಬುದು ನಿಜ. ಆದರೆ ಪಾಸ್‌ಫ್ರೇಸ್ ಕದಿಯಲು ಕರ್ನಲ್ ಮಾಡ್ಯೂಲ್ ಬೇಕಾಗಿಯೇ ಇಲ್ಲ, ಒಂದು ಶೆಲ್ ಸ್ಕ್ರಿಪ್ಟ್ ಸಾಕು.

ಹೆಜ್ಜೆ 1: ನಿಮ್ಮ ಯಂತ್ರದ ಸ್ಥಿತಿಯನ್ನು ಗುರುತಿಸಿಕೊಳ್ಳಿ

ಮೊದಲು ಎಂಒಕೆಯುಟಿಲ್ ಆಜ್ಞೆಯನ್ನು ಎಸ್‌ಬಿ-ಸ್ಟೇಟ್ ಆಯ್ಕೆಯೊಂದಿಗೆ ಓಡಿಸಿ, ಸೆಕ್ಯೂರ್ ಬೂಟ್ ನಿಜಕ್ಕೂ ಚಾಲೂ ಇದೆಯೇ ಎಂದು ನೋಡಿ. ಬಳಿಕ ಬೂಟ್‌ಸಿಟಿಎಲ್ ಸ್ಟೇಟಸ್ ಓಡಿಸಿದರೆ ಯಾವ ಬೂಟ್‌ಲೋಡರ್ ಇದೆ, ಇಎಸ್‌ಪಿ (ಫರ್ಮ್‌ವೇರ್ ಬೂಟ್ ಕಡತಗಳನ್ನು ಓದುವ ಪಾರ್ಟಿಷನ್) ಎಲ್ಲಿ ಮೌಂಟ್ ಆಗಿದೆ, ಟಿಪಿಎಂ 2 (ಕೀಲಿಗಳನ್ನು ಕಾಯುವ ಭದ್ರತಾ ಚಿಪ್) ಲಭ್ಯವಿದೆಯೇ ಎಂಬ ವಿವರ ಸಿಗುತ್ತದೆ. ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಿಂದ ಬೂಟ್ ಡೈರೆಕ್ಟರಿ ಎನ್‌ಕ್ರಿಪ್ಟ್ ಆದ ಪಾರ್ಟಿಷನ್‌ನಲ್ಲಿದೆಯೋ ಹೊರಗಿದೆಯೋ ತಿಳಿಯುತ್ತದೆ. ಇನಿಟ್‌ಆರ್‌ಡಿ ಇಎಸ್‌ಪಿಯಲ್ಲಿಯೇ ಇದ್ದರೆ, ಅದು ಫ್ಯಾಟ್ ಕಡತವ್ಯವಸ್ಥೆ ಎಂಬುದನ್ನು ಮರೆಯಬೇಡಿ: ಯುನಿಕ್ಸ್ ಮಾದರಿಯ ಮಾಲೀಕತ್ವವಾಗಲಿ ಅನುಮತಿಗಳಾಗಲಿ ಅಲ್ಲಿ ಡಿಸ್ಕಿನ ಮೇಲೆ ಉಳಿಯುವುದಿಲ್ಲ.

ಇದೇ ಹಂತದಲ್ಲಿ ಯಾರ ವಿರುದ್ಧ ರಕ್ಷಣೆ ಬೇಕೆಂಬುದನ್ನೂ ತೀರ್ಮಾನಿಸಿಕೊಳ್ಳಬೇಕು. ಯಂತ್ರ ಕೈಗೆ ಸಿಕ್ಕ ಅಪರಿಚಿತರ ವಿರುದ್ಧವೋ, ಆಗಲೇ ರೂಟ್ ಅಧಿಕಾರ ಪಡೆದ ದಾಳಿಕೋರರ ವಿರುದ್ಧವೋ ಎಂಬುದರ ಮೇಲೆ ಮುಂದಿನ ಹೆಜ್ಜೆಗಳ ಬೆಲೆ ಬದಲಾಗುತ್ತದೆ. ಈ ಮಾರ್ಗದರ್ಶಿ ಮುಖ್ಯವಾಗಿ ಮೊದಲನೆಯವರನ್ನು ಕುರಿತದ್ದು. ಓಡುತ್ತಿರುವ ವ್ಯವಸ್ಥೆಯಲ್ಲಿ ರೂಟ್ ಆದವರು ಮುಂದಿನ ಇನಿಟ್‌ಆರ್‌ಡಿಯನ್ನು ನಿಮ್ಮದೇ ಸಾಧನಗಳಿಂದ, ನಿಮ್ಮದೇ ಕೀಲಿಯಿಂದ ತಯಾರಿಸಬಲ್ಲರು. ಕೀಲಿಯನ್ನು ಬೇರೆ ಯಂತ್ರದಲ್ಲಿ ಇಟ್ಟು ಅಲ್ಲಿಯೇ ಸಹಿ ಮಾಡುವಷ್ಟು ಶಿಸ್ತು ಇದ್ದರಷ್ಟೇ ಅವರಿಗೂ ಇದು ತಡೆಯಾದೀತು.

ಹೆಜ್ಜೆ 2: ಕಡತವನ್ನು ಬಿಚ್ಚಿ ನೋಡಿ

ಡೆಬಿಯನ್ ಕಡೆಯವರಿಗೆ ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್ ಪಟ್ಟಿ ತೋರಿಸುತ್ತದೆ, ಅನ್‌ಎಂಕೆಇನಿಟ್‌ರಾಮ್‌ಎಫ್‌ಎಸ್ ಪೂರ್ತಿ ಬಿಚ್ಚಿ ಒಂದು ಡೈರೆಕ್ಟರಿಯಲ್ಲಿ ಹರಡುತ್ತದೆ. ಡ್ರಾಕಟ್ ಇರುವಲ್ಲಿ ಎಲ್‌ಎಸ್‌ಇನಿಟ್‌ಆರ್‌ಡಿ, ಆರ್ಚ್‌ನಲ್ಲಿ ಎಲ್‌ಎಸ್‌ಇನಿಟ್‌ಸಿಪಿಐಒ. ಮೊದಲ ಸಲ ಪಟ್ಟಿ ನೋಡಿದವರಿಗೆ ಅದರ ಉದ್ದ ಆಶ್ಚರ್ಯ ತರಿಸುತ್ತದೆ, ಏಕೆಂದರೆ ಕಡತದ ಹೆಚ್ಚಿನ ಭಾಗ ಕರ್ನಲ್ ಮಾಡ್ಯೂಲ್‌ಗಳು, ಫರ್ಮ್‌ವೇರ್ ಕಡತಗಳು ಮತ್ತು ಲೈಬ್ರರಿಗಳಿಂದಲೇ ತುಂಬಿರುತ್ತದೆ. ನಿಜವಾಗಿ ಓದಬೇಕಾದದ್ದು ಬಹಳ ಕಡಿಮೆ.

ಲಕ್ಸ್ ಬಳಸುವ ಡೆಬಿಯನ್ ಯಂತ್ರದ ಇಮೇಜನ್ನು ಬಿಚ್ಚಿದ್ದೀರಿ ಎಂದುಕೊಳ್ಳಿ. ಮುಖ್ಯ ಭಾಗದ ಮೇಲ್ತುದಿಯಲ್ಲಿಯೇ ಇನಿಟ್ ಎಂಬ ಶೆಲ್ ಸ್ಕ್ರಿಪ್ಟ್ ಇರುತ್ತದೆ. ಅದು ಸ್ಕ್ರಿಪ್ಟ್ಸ್ ಡೈರೆಕ್ಟರಿಯೊಳಗಿನ ಇನಿಟ್-ಟಾಪ್, ಲೋಕಲ್-ಟಾಪ್, ಇನಿಟ್-ಬಾಟಮ್ ಮುಂತಾದ ಉಪಡೈರೆಕ್ಟರಿಗಳಲ್ಲಿರುವುದನ್ನು ಕ್ರಮವಾಗಿ ಓಡಿಸುತ್ತದೆ. ಲೋಕಲ್-ಟಾಪ್‌ನೊಳಗೆ ಕ್ರಿಪ್ಟ್‌ರೂಟ್ ಎಂಬ ಸ್ಕ್ರಿಪ್ಟ್ ಕಾಣುತ್ತದೆ, ಲೈಬ್ರರಿಗಳ ಕಡೆ ಕ್ರಿಪ್ಟ್‌ಸೆಟಪ್ ಡೈರೆಕ್ಟರಿಯಲ್ಲಿ ಆಸ್ಕ್‌ಪಾಸ್ ಎಂಬ ಪುಟ್ಟ ಪ್ರೋಗ್ರಾಮ್ ಇರುತ್ತದೆ. ಬೂಟ್ ಆಗುವಾಗ ತೆರೆಯ ಮೇಲೆ ಕಾಣುವ ಪಾಸ್‌ಫ್ರೇಸ್ ಪ್ರಶ್ನೆ ಹುಟ್ಟುವುದು ಈ ಜೋಡಿಯಿಂದಲೇ. ಆಸ್ಕ್‌ಪಾಸ್ ಓದಿದ ಅಕ್ಷರಗಳು ನೇರವಾಗಿ ಕ್ರಿಪ್ಟ್‌ಸೆಟಪ್‌ಗೆ ಹರಿಯುತ್ತವೆ. ಆ ಹರಿವಿನ ನಡುವೆ ಅದರ ಒಂದು ನಕಲನ್ನು ಬೂಟ್ ಪಾರ್ಟಿಷನ್‌ಗೆ ಬರೆಯುವ ಒಂದೇ ಸಾಲು ಸೇರಿದರೂ, ನಿಮ್ಮ ಕಣ್ಣಿಗೆ ಬೂಟ್ ಎಂದಿನಂತೆಯೇ ಕಾಣುತ್ತದೆ. ಹೀಗಾಗಿ ಮೊದಲು ಓದಬೇಕಾದದ್ದು ಇನಿಟ್, ಈ ಸ್ಕ್ರಿಪ್ಟ್‌ಗಳು, ಮತ್ತು ಮೂಲ ವ್ಯವಸ್ಥೆಯ ಇಟಿಸಿ ಡೈರೆಕ್ಟರಿಯಲ್ಲಿರುವ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್‌ನ ಹುಕ್ಸ್ ಡೈರೆಕ್ಟರಿ. ಕೊನೆಯದರಲ್ಲಿ ನೀವು ಹಾಕದ ಏನಾದರೂ ಕಂಡರೆ ಅಲ್ಲಿಗೇ ನಿಂತು ವಿಚಾರಿಸಿ. ಡ್ರಾಕಟ್ ಇಮೇಜಿನೊಳಗೆ ಬೂಟ್ ವೇಳೆ ಓಡುವ ಸ್ಕ್ರಿಪ್ಟ್‌ಗಳ ಜಾಗ ಡ್ರಾಕಟ್ ಹುಕ್ಸ್ ಡೈರೆಕ್ಟರಿ. ಎಲ್‌ಎಸ್‌ಇನಿಟ್‌ಆರ್‌ಡಿಗೆ ಒಂದು ಕಡತದ ಹೆಸರು ಕೊಟ್ಟರೆ ಅದರ ಒಳಗಿರುವುದನ್ನು ನೇರವಾಗಿ ತೋರಿಸುತ್ತದೆ.

ಪಟ್ಟಿ ನೋಡುವಾಗ ಎಚ್ಚರಿಕೆಯಿಂದಿರಬೇಕಾದ ಒಂದು ಸಂಗತಿಯಿದೆ. ಕರ್ನಲ್ ಒಂದೇ ಕಡತದಲ್ಲಿ ಒಂದರ ಹಿಂದೆ ಒಂದರಂತೆ ಅಂಟಿಸಿದ ಹಲವು ಸಿಪಿಐಒ ಸಂಗ್ರಹಗಳನ್ನು ಒಪ್ಪುತ್ತದೆ. ಈ ಸೌಲಭ್ಯವನ್ನು ಬಳಸಿಯೇ ಪ್ರೊಸೆಸರ್‌ನ ಮೈಕ್ರೋಕೋಡನ್ನು ಕುಗ್ಗಿಸದ ಪುಟ್ಟ ಸಂಗ್ರಹವಾಗಿ ಎಲ್ಲಕ್ಕಿಂತ ಮುಂದೆ ಇಡಲಾಗುತ್ತದೆ. ಆದರೆ ನಂತರದ ಸಂಗ್ರಹದಲ್ಲಿ ಅದೇ ಹೆಸರಿನ ಕಡತವಿದ್ದರೆ ಅದು ಹಿಂದಿನದನ್ನು ಅಳಿಸಿ ತಾನು ಕೂರುತ್ತದೆ. ಅಂದರೆ ದಾಳಿಕೋರರು ಮೂಲ ಇಮೇಜನ್ನು ಬಿಚ್ಚಿ ಮರುಕಟ್ಟುವ ಗೋಜಿಗೆ ಹೋಗದೆ, ಬಾಲಕ್ಕೆ ಕೆಲವೇ ಕಿಲೋಬೈಟ್‌ಗಳ ಒಂದು ಸಂಗ್ರಹವನ್ನು ಅಂಟಿಸಿದರೆ ಸಾಕು. ಪಟ್ಟಿ ತೋರಿಸುವ ಸಾಧನಗಳು ಮೈಕ್ರೋಕೋಡ್ ಮತ್ತು ಮುಖ್ಯ ಸಂಗ್ರಹ ಎಂಬ ಎರಡು ಭಾಗಗಳನ್ನು ನಿರೀಕ್ಷಿಸಿ ಅಲ್ಲಿಗೇ ನಿಲ್ಲಬಹುದು. ಆದ್ದರಿಂದ ಪಟ್ಟಿ ಸ್ವಚ್ಛವಾಗಿ ಕಂಡಿತೆಂದು ಕಡತವೂ ಸ್ವಚ್ಛವೆಂದು ಭಾವಿಸುವಂತಿಲ್ಲ.

ಹೆಜ್ಜೆ 3: ಹೊಸದಾಗಿ ಕಟ್ಟಿ ಹೋಲಿಸಿ

ಕಡತವೊಂದರ ಎಸ್‌ಎಚ್‌ಎ-256 ಮೊತ್ತವನ್ನು ಬರೆದಿಟ್ಟುಕೊಂಡು ಪ್ರತಿ ಬೂಟಿನ ನಂತರ ತಾಳೆ ನೋಡುವ ಪದ್ಧತಿ ಹಳೆಯದು, ಸುಲಭವೂ ಹೌದು. ಅದರ ಮೇಲೆ ನನಗೆ ಹೆಚ್ಚು ವಿಶ್ವಾಸವಿಲ್ಲ. ತಾಳೆ ನೋಡುವ ಹೊತ್ತಿಗೆ ನೀವು ಪಾಸ್‌ಫ್ರೇಸ್ ಟೈಪ್ ಮಾಡಿ ಆಗಿರುತ್ತದೆ. ಮೇಲಾಗಿ, ತಾಳೆ ನೋಡುವ ಪ್ರೋಗ್ರಾಮ್ ಇರುವ ರೂಟ್ ಕಡತವ್ಯವಸ್ಥೆಯನ್ನು ಮೌಂಟ್ ಮಾಡಿಕೊಟ್ಟಿದ್ದೇ ಸಂಶಯಾಸ್ಪದ ಇನಿಟ್‌ಆರ್‌ಡಿ; ತನಗೆ ಬೇಕಾದಂತೆ ಆ ಪ್ರೋಗ್ರಾಮನ್ನೂ ತಿದ್ದಿ ಮುಂದೆ ಹೋಗಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಹೋಲಿಕೆ ಮಾಡುವುದಾದರೆ ಸದಾ ನಿಮ್ಮ ವಶದಲ್ಲಿದ್ದ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿಯೇ ಮಾಡಬೇಕು.

ಕ್ರಮ ಹೀಗಿದೆ. ಲೈವ್ ವ್ಯವಸ್ಥೆಯಿಂದ ಎನ್‌ಕ್ರಿಪ್ಟ್ ಆದ ರೂಟನ್ನು ತೆರೆದು ಓದಲು ಮಾತ್ರ ಮೌಂಟ್ ಮಾಡಿ. ಮೊದಲು ಪ್ಯಾಕೇಜುಗಳ ಕಡತಗಳು ಮೂಲದಂತೆಯೇ ಇವೆಯೇ ಎಂದು ಪರೀಕ್ಷಿಸಿ: ಡೆಬಿಯನ್‌ನಲ್ಲಿ ಡೆಬ್‌ಸಮ್ಸ್, ಆರ್‌ಪಿಎಂ ವಿತರಣೆಗಳಲ್ಲಿ ಆರ್‌ಪಿಎಂ ಆಜ್ಞೆಯ ವೆರಿಫೈ ಆಯ್ಕೆ. ಈ ಸಾಧನಗಳು ತಾಳೆಗೆ ಬಳಸುವ ಪಟ್ಟಿಗಳೂ ಅದೇ ಡಿಸ್ಕಿನಲ್ಲಿ ಇರುತ್ತವೆಯಾದ್ದರಿಂದ, ಸಂಶಯ ಗಟ್ಟಿಯಾಗಿದ್ದರೆ ಕ್ರಿಪ್ಟ್‌ಸೆಟಪ್ ಮತ್ತು ಇನಿಟ್‌ಆರ್‌ಡಿ ಕಟ್ಟುವ ಪ್ಯಾಕೇಜುಗಳನ್ನು ವಿತರಣೆಯ ಸರ್ವರ್‌ನಿಂದ ಮತ್ತೆ ಇಳಿಸಿಕೊಂಡು ಅವುಗಳೊಂದಿಗೇ ಹೋಲಿಸಿ. ಇದಾದ ಬಳಿಕ ರೂಟನ್ನು ಬರೆಯಲೂ ಬರುವಂತೆ ಮತ್ತೆ ಮೌಂಟ್ ಮಾಡಿ, ಸಿಎಚ್‌ರೂಟ್ ಮೂಲಕ ಒಳಹೊಕ್ಕು, ಎಂಕೆಇನಿಟ್‌ರಾಮ್‌ಎಫ್‌ಎಸ್ ಅಥವಾ ಡ್ರಾಕಟ್‌ನಿಂದ ಹೊಸ ಇಮೇಜೊಂದನ್ನು ಬೇರೆ ಹೆಸರಿನಲ್ಲಿ ಕಟ್ಟಿ. ಹಳೆಯದನ್ನೂ ಹೊಸದನ್ನೂ ಬೇರೆ ಬೇರೆ ಡೈರೆಕ್ಟರಿಗಳಲ್ಲಿ ಬಿಚ್ಚಿ ಡಿಫ್ ಆಜ್ಞೆಯಿಂದ ಆಳದವರೆಗೆ ಹೋಲಿಸಿ. ಮಾಡ್ಯೂಲ್ ಸೂಚಿ ಅಥವಾ ಲೈಬ್ರರಿ ಸೂಚಿಯಂತಹ ಕಡತಗಳಲ್ಲಿ ಸಣ್ಣ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಸ್ಕ್ರಿಪ್ಟ್‌ಗಳಲ್ಲಿ ಅಥವಾ ಪ್ರೋಗ್ರಾಮ್‌ಗಳಲ್ಲಿ ವ್ಯತ್ಯಾಸ ಕಂಡರೆ ಅದಕ್ಕೆ ಕಾರಣ ಸಿಗುವವರೆಗೆ ಆ ಯಂತ್ರದಲ್ಲಿ ಪಾಸ್‌ಫ್ರೇಸ್ ಟೈಪ್ ಮಾಡಬೇಡಿ. ಎರಡು ಇಮೇಜ್‌ಗಳ ಗಾತ್ರವನ್ನೂ ಹೋಲಿಸಿ, ಏಕೆಂದರೆ ಬಾಲಕ್ಕೆ ಅಂಟಿಸಿದ ಸಂಗ್ರಹ ಬಿಚ್ಚುವಾಗ ತಪ್ಪಿಸಿಕೊಂಡರೂ ಗಾತ್ರದಲ್ಲಿ ಸುಳಿವು ಬಿಡಬಹುದು. ಡ್ರಾಕಟ್‌ನ ರಿಪ್ರೊಡ್ಯೂಸಿಬಲ್ ಆಯ್ಕೆಯನ್ನು ಎರಡೂ ಸಲ ಬಳಸಿದ್ದರೆ ಕೆಲಸ ಹಗುರವಾಗುತ್ತದೆ. ಒಂದೇ ಮೂಲದಿಂದ ಕಟ್ಟಿದ ಇಮೇಜ್‌ಗಳು ಬೈಟ್‌ಗೆ ಬೈಟ್ ಒಂದೇ ಆಗಿರುವಂತೆ ನೋಡಿಕೊಳ್ಳುವುದೇ ಅದರ ಉದ್ದೇಶ.

ಹೆಜ್ಜೆ 4: ಸಣ್ಣ ಕಿಂಡಿಗಳನ್ನು ಮುಚ್ಚಿ

ದೊಡ್ಡ ಪರಿಹಾರಕ್ಕೆ ಹೋಗುವ ಮೊದಲು ಅರ್ಧ ಗಂಟೆಯಲ್ಲಿ ಮುಗಿಯುವ ಕೆಲವು ಕೆಲಸಗಳಿವೆ.

ಮೊದಲನೆಯದು ತುರ್ತು ಶೆಲ್. ರೂಟ್ ಸಿಗದಿದ್ದಾಗ ಅಥವಾ ಪಾಸ್‌ಫ್ರೇಸ್ ಮತ್ತೆ ಮತ್ತೆ ತಪ್ಪಾದಾಗ ಅನೇಕ ಇನಿಟ್‌ಆರ್‌ಡಿಗಳು ರೂಟ್ ಅಧಿಕಾರದ ಶೆಲ್ ಒಂದನ್ನು ತೆರೆದು ಕೊಡುತ್ತವೆ. 2016ರಲ್ಲಿ ಬಯಲಾದ, ಸಿವಿಇ-2016-4484 ಎಂದು ದಾಖಲಾದ ದೋಷದಲ್ಲಿ ಎಂಟರ್ ಕೀಲಿಯನ್ನು ಸುಮಾರು 70 ಸೆಕೆಂಡು ಒತ್ತಿ ಹಿಡಿದರೆ ಸಾಕಿತ್ತು. ಆ ದೋಷ ಸರಿಯಾದರೂ ಶೆಲ್ ತೆರೆಯುವ ಅಭ್ಯಾಸ ಹೋಗಿಲ್ಲ. 2025ರಲ್ಲಿಯೂ ಪ್ರಮುಖ ವಿತರಣೆಗಳಲ್ಲಿ ಇದೇ ಶೆಲ್ಲಿನಿಂದ ಇನಿಟ್‌ಆರ್‌ಡಿಯನ್ನು ತಿದ್ದಿ ಸೆಕ್ಯೂರ್ ಬೂಟನ್ನು ನಿಷ್ಫಲಗೊಳಿಸಬಹುದೆಂದು ತೋರಿಸಲಾಯಿತು. ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಇರುವಲ್ಲಿ ಕರ್ನಲ್‌ನ ಕಮಾಂಡ್ ಲೈನಿಗೆ ಪ್ಯಾನಿಕ್ ಎಂಬ ನಿಯತಾಂಕವನ್ನು 0 ಬೆಲೆಯೊಂದಿಗೆ ಸೇರಿಸಿದರೆ ಶೆಲ್ ಬದಲು ಯಂತ್ರ ರೀಬೂಟ್ ಆಗುತ್ತದೆ. ಡ್ರಾಕಟ್ ಇರುವಲ್ಲಿ ಆರ್‌ಡಿ.ಶೆಲ್ ನಿಯತಾಂಕಕ್ಕೆ 0, ಆರ್‌ಡಿ.ಎಮರ್ಜೆನ್ಸಿ ನಿಯತಾಂಕಕ್ಕೆ ಹಾಲ್ಟ್ ಎಂದು ಕೊಡಿ.

ಎರಡನೆಯದು ಕಮಾಂಡ್ ಲೈನ್. ಸೆಕ್ಯೂರ್ ಬೂಟ್ ಇದ್ದರೂ ಗ್ರಬ್ ಮೆನುವಿನಲ್ಲಿ ತಿದ್ದುವ ಅವಕಾಶವಿದ್ದರೆ ಮೇಲೆ ಸೇರಿಸಿದ್ದನ್ನು ಯಾರಾದರೂ ತೆಗೆದುಹಾಕಬಹುದು, ಇನಿಟ್ ನಿಯತಾಂಕವನ್ನೇ ಶೆಲ್ಲಿಗೆ ತಿರುಗಿಸಬಹುದು. ಗ್ರಬ್‌ಗೆ ಪಾಸ್‌ವರ್ಡ್ ಹಾಕುವುದು ಮೆನುವನ್ನು ರಕ್ಷಿಸುತ್ತದೆ, ಆದರೆ ಗ್ರಬ್‌ನ ಸಂರಚನಾ ಕಡತವೂ ಸಾಮಾನ್ಯವಾಗಿ ಸಹಿ ಇಲ್ಲದೆ ಅದೇ ತೆರೆದ ಪಾರ್ಟಿಷನ್‌ನಲ್ಲಿ ಇರುವುದರಿಂದ ಡಿಸ್ಕ್ ಕಳಚಿದವರಿಗೆ ಅದು ತಡೆಯಲ್ಲ. ಇದಕ್ಕೆ ನಿಜವಾದ ಉತ್ತರ ಆರನೆಯ ಹೆಜ್ಜೆಯಲ್ಲಿದೆ.

ಮೂರನೆಯದು ಒಳಗಿರುವ ರಹಸ್ಯಗಳು. ಕ್ರಿಪ್ಟ್‌ಸೆಟಪ್‌ನ ಕೀಲಿಕಡತವನ್ನು ಇನಿಟ್‌ಆರ್‌ಡಿಗೆ ಸೇರಿಸಿದ್ದರೆ, ದೂರದಿಂದ ಡಿಸ್ಕ್ ತೆರೆಯಲು ಡ್ರಾಪ್‌ಬೇರ್ ಎಸ್‌ಎಸ್‌ಎಚ್ ಸರ್ವರ್ ಇಟ್ಟಿದ್ದರೆ, ಆ ಕೀಲಿಗಳು ಬೂಟ್ ಪಾರ್ಟಿಷನ್‌ನಲ್ಲಿ ಬಿಚ್ಚು ರೂಪದಲ್ಲಿ ಇರುತ್ತವೆ. ಬೂಟ್ ಡೈರೆಕ್ಟರಿಯೂ ಎನ್‌ಕ್ರಿಪ್ಟ್ ಆಗಿರದಿದ್ದರೆ ಡಿಸ್ಕಿನ ಕೀಲಿಕಡತವನ್ನು ಅಲ್ಲಿ ಇಡಲೇಬಾರದು. ಇಡುವಂತಹ ವಿನ್ಯಾಸವಾದರೆ ಯುಮಾಸ್ಕ್ 0077 ಎಂದು ಇನಿಟ್‌ರಾಮ್‌ಎಫ್‌ಎಸ್‌ನ ಸಂರಚನೆಯಲ್ಲಿ ಬರೆದು, ಸಾಮಾನ್ಯ ಬಳಕೆದಾರರು ಇಮೇಜನ್ನು ಓದದಂತೆ ಮಾಡಿ. ಡ್ರಾಪ್‌ಬೇರ್‌ಗೆ ಮುಖ್ಯ ವ್ಯವಸ್ಥೆಯ ಎಸ್‌ಎಸ್‌ಎಚ್ ಕೀಲಿಯನ್ನು ಬಳಸದೆ ಪ್ರತ್ಯೇಕ ಹೋಸ್ಟ್ ಕೀಲಿಯನ್ನೇ ಕೊಡಿ.

ಹೆಜ್ಜೆ 5: ಇನಿಟ್‌ಆರ್‌ಡಿ ಬೇಕೇ ಎಂದು ಕೇಳಿಕೊಳ್ಳಿ

ಇನಿಟ್‌ಆರ್‌ಡಿಯನ್ನು ನಂಬದವರು ಅದನ್ನು ಬಿಟ್ಟೇಬಿಡುವ ದಾರಿಯೂ ಇದೆ, ಆದರೆ ಅದು ಕಿರಿದು. ರೂಟ್ ಕಡತವ್ಯವಸ್ಥೆ ಸಾದಾ ಪಾರ್ಟಿಷನ್ ಒಂದರಲ್ಲಿದ್ದು, ಡಿಸ್ಕ್ ಮತ್ತು ಕಡತವ್ಯವಸ್ಥೆಯ ಡ್ರೈವರ್‌ಗಳು ಮಾಡ್ಯೂಲ್‌ಗಳಾಗದೆ ಕರ್ನಲ್‌ನೊಳಗೇ ಕಟ್ಟಲ್ಪಟ್ಟಿದ್ದರೆ, ಕರ್ನಲ್ ನೇರವಾಗಿ ರೂಟನ್ನು ಮೌಂಟ್ ಮಾಡಬಲ್ಲದು. ರೂಟ್ ನಿಯತಾಂಕದಲ್ಲಿ ಕಡತವ್ಯವಸ್ಥೆಯ ಯುಯುಐಡಿ ಕೊಟ್ಟರೆ ಕರ್ನಲ್‌ಗೆ ಅರ್ಥವಾಗುವುದಿಲ್ಲ, ಅದನ್ನು ಹುಡುಕುವ ಕೆಲಸ ಇನಿಟ್‌ಆರ್‌ಡಿಯದ್ದು, ಪಾರ್ಟ್‌ಯುಯುಐಡಿ ಕೊಡಬೇಕು. ಎಲ್‌ವಿಎಂ, ಲಕ್ಸ್, ಹಲವು ಡಿಸ್ಕ್‌ಗಳ ಬಿಟಿಆರ್‌ಎಫ್‌ಎಸ್, ಇಂದಿನ ಮೆಟಾಡೇಟಾ ಸ್ವರೂಪದ ಸಾಫ್ಟ್‌ವೇರ್ ರೇಡ್ ಇವುಗಳಲ್ಲಿ ಯಾವುದು ರೂಟಿಗೆ ಬಳಕೆಯಾಗಿದ್ದರೂ ಈ ದಾರಿ ಮುಚ್ಚಿದಂತೆಯೇ. ಪಾಸ್‌ಫ್ರೇಸ್ ಕೇಳಲು ಯೂಸರ್‌ಸ್ಪೇಸ್ ಬೇಕೇ ಬೇಕು, ಆದ್ದರಿಂದ ಎನ್‌ಕ್ರಿಪ್ಟ್ ಆದ ರೂಟ್ ಬಯಸುವವರಿಗೆ ಇದು ಪರಿಹಾರವಲ್ಲ.

ಸ್ವತಃ ಕರ್ನಲ್ ಕಟ್ಟುವವರಿಗೆ ಇನ್ನೊಂದು ದಾರಿಯಿದೆ: ಕರ್ನಲ್ ಸಂರಚನೆಯ ಇನಿಟ್‌ರಾಮ್‌ಎಫ್‌ಎಸ್ ಸೋರ್ಸ್ ಎಂಬ ಆಯ್ಕೆಯಲ್ಲಿ ನಿಮ್ಮ ಇಮೇಜನ್ನು ಸೂಚಿಸಿದರೆ ಅದು ಕರ್ನಲ್‌ನ ಬೈನರಿಯ ಭಾಗವಾಗಿಯೇ ಸೇರಿಕೊಳ್ಳುತ್ತದೆ, ಕರ್ನಲ್‌ಗೆ ಮಾಡಿದ ಸಹಿ ಅದನ್ನೂ ಆವರಿಸುತ್ತದೆ. ಕ್ರಿಪ್ಟ್‌ಸೆಟಪ್, ಬ್ಯುಸಿಬಾಕ್ಸ್ ಮತ್ತು ಕೆಲವು ಸಾಲಿನ ಇನಿಟ್ ಸ್ಕ್ರಿಪ್ಟ್ ಇಷ್ಟೇ ಇರುವ, ಪೂರ್ತಿ ಓದಿ ಅರಗಿಸಿಕೊಳ್ಳಬಹುದಾದ ಇಮೇಜನ್ನು ಹೀಗೆ ಒಳಗೆ ಸೇರಿಸುವುದು ನನ್ನ ಲೆಕ್ಕದಲ್ಲಿ ಅತ್ಯಂತ ಪ್ರಾಮಾಣಿಕ ವಿಧಾನ. ಆದರೆ ಒಂದು ಎಚ್ಚರಿಕೆ: ಒಳಗೆ ಸೇರಿದ ಇಮೇಜಿನ ಮೇಲೆ ಬೂಟ್‌ಲೋಡರ್ ಹೊರಗಿನಿಂದ ಮತ್ತೊಂದನ್ನು ಕೊಟ್ಟರೆ ಕರ್ನಲ್ ಅದನ್ನೂ ಬಿಚ್ಚುತ್ತದೆ, ಅದರ ಕಡತಗಳೇ ಮೇಲುಗೈ ಪಡೆಯುತ್ತವೆ. ಆದ್ದರಿಂದ ಇಂತಹ ಕರ್ನಲನ್ನು ಗ್ರಬ್‌ನ ಮೂಲಕವಲ್ಲದೆ ಫರ್ಮ್‌ವೇರ್‌ನಿಂದ ನೇರವಾಗಿ ಬೂಟ್ ಮಾಡಬೇಕು, ಹೊರಗಿನ ಕಮಾಂಡ್ ಲೈನನ್ನೂ ಕರ್ನಲ್ ಸಂರಚನೆಯಲ್ಲಿಯೇ ನಿರಾಕರಿಸಬೇಕು.

ಹೆಜ್ಜೆ 6: ಕರ್ನಲ್ ಮತ್ತು ಇನಿಟ್‌ಆರ್‌ಡಿಯನ್ನು ಒಂದೇ ಸಹಿಯೊಳಗೆ ತನ್ನಿ

ಉಳಿದವರಿಗೆಲ್ಲ ಯುಕೆಐ, ಅಂದರೆ ಯುನಿಫೈಡ್ ಕರ್ನಲ್ ಇಮೇಜ್, ಸರಿಯಾದ ದಾರಿ. ಸಿಸ್ಟಂಡಿ-ಸ್ಟಬ್ ಎಂಬ ಪುಟ್ಟ ಯುಇಎಫ್‌ಐ (ಇಂದಿನ ಫರ್ಮ್‌ವೇರ್ ಮಾನದಂಡ) ಪ್ರೋಗ್ರಾಮಿನ ಬೆನ್ನಿಗೆ ಕರ್ನಲ್, ಇನಿಟ್‌ಆರ್‌ಡಿ, ಕಮಾಂಡ್ ಲೈನ್, ವಿತರಣೆಯ ಗುರುತು ಇವುಗಳನ್ನು ಪ್ರತ್ಯೇಕ ವಿಭಾಗಗಳಾಗಿ ಸೇರಿಸಿ ಒಂದೇ ಕಡತ ಮಾಡಲಾಗುತ್ತದೆ. ಆ ಕಡತಕ್ಕೆ ಒಂದು ಸಹಿ ಹಾಕಿದರೆ ಫರ್ಮ್‌ವೇರ್ ಎಲ್ಲವನ್ನೂ ಒಟ್ಟಿಗೆ ಪರಿಶೀಲಿಸುತ್ತದೆ. ಇನಿಟ್‌ಆರ್‌ಡಿಯಲ್ಲಿ ಒಂದು ಬೈಟ್ ಬದಲಾದರೂ ಬೂಟ್ ನಿಲ್ಲುತ್ತದೆ. ಸೆಕ್ಯೂರ್ ಬೂಟ್ ಚಾಲೂ ಇದ್ದು ಕಮಾಂಡ್ ಲೈನ್ ಒಳಗೇ ಇದ್ದರೆ, ಹೊರಗಿನಿಂದ ಬಂದ ಕಮಾಂಡ್ ಲೈನನ್ನು ಸ್ಟಬ್ ಗಣನೆಗೆ ತೆಗೆದುಕೊಳ್ಳುವುದಿಲ್ಲ. ನಾಲ್ಕನೆಯ ಹೆಜ್ಜೆಯಲ್ಲಿ ಬಾಕಿ ಉಳಿದ ಕಿಂಡಿ ಹೀಗೆ ಮುಚ್ಚುತ್ತದೆ.

ಮೊದಲು ಸಹಿಗೆ ಕೀಲಿ ಬೇಕು. ಎಸ್‌ಬಿಸಿಟಿಎಲ್ ಎಂಬ ಸಾಧನ ಇದಕ್ಕೆ ಅನುಕೂಲ. ಫರ್ಮ್‌ವೇರ್ ಮೆನುವಿಗೆ ಹೋಗಿ ಸೆಕ್ಯೂರ್ ಬೂಟನ್ನು ಸೆಟಪ್ ಮೋಡ್‌ಗೆ, ಅಂದರೆ ಹೊಸ ಕೀಲಿಗಳನ್ನು ಸ್ವೀಕರಿಸುವ ಸ್ಥಿತಿಗೆ, ತನ್ನಿ. ಎಸ್‌ಬಿಸಿಟಿಎಲ್ ಸ್ಟೇಟಸ್ ಅದನ್ನು ಖಚಿತಪಡಿಸುತ್ತದೆ. ಬಳಿಕ ಕ್ರಿಯೇಟ್-ಕೀಸ್ ಉಪಆಜ್ಞೆಯಿಂದ ಕೀಲಿಗಳನ್ನು ಹುಟ್ಟಿಸಿ, ಎನ್‌ರೋಲ್-ಕೀಸ್‌ನಿಂದ ಫರ್ಮ್‌ವೇರ್‌ಗೆ ಸೇರಿಸಿ. ಸೇರಿಸುವಾಗ ಮೈಕ್ರೋಸಾಫ್ಟ್‌ನ ಕೀಲಿಗಳನ್ನೂ ಉಳಿಸಿಕೊಳ್ಳುವ ಆಯ್ಕೆಯನ್ನು ಕೊಡದಿದ್ದರೆ ಕೆಲವು ಯಂತ್ರಗಳು ಮೇಲೇಳದೇ ಹೋಗುವ ಅಪಾಯವಿದೆ, ಏಕೆಂದರೆ ಗ್ರಾಫಿಕ್ಸ್ ಕಾರ್ಡ್ ಮುಂತಾದವುಗಳ ಆಪ್ಷನ್ ರಾಮ್‌ಗಳು (ಬೂಟ್ ವೇಳೆ ಓಡುವ, ಕಾರ್ಡಿನೊಳಗಿನ ಫರ್ಮ್‌ವೇರ್) ಆ ಕೀಲಿಯಿಂದಲೇ ಸಹಿಯಾಗಿರುತ್ತವೆ. ಆ ಕೀಲಿಗಳನ್ನು ಉಳಿಸಿಕೊಂಡರೆ ಮೈಕ್ರೋಸಾಫ್ಟ್ ಸಹಿಯುಳ್ಳ ಶಿಮ್, ಅದರ ಹಿಂದೆ ಗ್ರಬ್, ಅದರ ಹಿಂದೆ ಸಹಿ ಇಲ್ಲದ ಇನಿಟ್‌ಆರ್‌ಡಿ ಎಂಬ ಹಳೆಯ ಸರಣಿಯೂ ನಿಮ್ಮ ಯಂತ್ರದಲ್ಲಿ ಬೂಟ್ ಆಗುತ್ತಲೇ ಇರುತ್ತದೆ ಎಂಬುದೂ ನಿಜ. ಅದನ್ನು ಹಿಡಿಯುವ ಕೆಲಸ ಟಿಪಿಎಂಗೆ ಬಿಟ್ಟದ್ದು. ಅಲ್ಲಿಯವರೆಗೆ ಫರ್ಮ್‌ವೇರ್‌ಗೊಂದು ಪಾಸ್‌ವರ್ಡ್ ಹಾಕಿಡಿ.

ನಂತರ ಇಟಿಸಿಯ ಕರ್ನಲ್ ಡೈರೆಕ್ಟರಿಯಲ್ಲಿ ಸಿಎಂಡಿಲೈನ್ ಎಂಬ ಕಡತದಲ್ಲಿ ನಿಮ್ಮ ಕಮಾಂಡ್ ಲೈನನ್ನು, ನಾಲ್ಕನೆಯ ಹೆಜ್ಜೆಯ ನಿಯತಾಂಕಗಳನ್ನೂ ಸೇರಿಸಿ, ಬರೆಯಿರಿ. ಯುಕೆಐ ಕಟ್ಟಲು 2023ರಲ್ಲಿ ಸಿಸ್ಟಂಡಿ 253ರೊಂದಿಗೆ ಬಂದ ಯುಕಿಫೈ ಎಂಬ ಸಾಧನವಿದೆ; ಅದಕ್ಕೆ ಕರ್ನಲ್, ಇನಿಟ್‌ಆರ್‌ಡಿ, ಕಮಾಂಡ್ ಲೈನ್ ಮತ್ತು ಸಹಿಯ ಕೀಲಿಯ ಹಾದಿಗಳನ್ನು ಕೊಟ್ಟರೆ ಸಹಿ ಮಾಡಿದ ಕಡತವನ್ನೇ ಕೊಡುತ್ತದೆ. ಎಂಕೆಇನಿಟ್‌ಸಿಪಿಐಒ ಬಳಸುವವರು ಪ್ರೀಸೆಟ್ ಕಡತದಲ್ಲಿ ಯುಕೆಐ ಸಾಲನ್ನು ತೆರೆದರೆ ಸಾಕು. ಡ್ರಾಕಟ್‌ನಲ್ಲಿ ಯುಇಎಫ್‌ಐ ಆಯ್ಕೆಯಿದೆ. ಸಿದ್ಧವಾದ ಕಡತವನ್ನು ಇಎಸ್‌ಪಿಯ ಇಎಫ್‌ಐ ಡೈರೆಕ್ಟರಿಯೊಳಗಿನ ಲಿನಕ್ಸ್ ಉಪಡೈರೆಕ್ಟರಿಯಲ್ಲಿ ಇಟ್ಟರೆ ಸಿಸ್ಟಂಡಿ-ಬೂಟ್ ತಾನಾಗಿ ಗುರುತಿಸುತ್ತದೆ. ಸಿಸ್ಟಂಡಿ-ಬೂಟ್‌ಗೂ ಸಹಿ ಹಾಕಲು ಮರೆಯಬೇಡಿ. ಎಸ್‌ಬಿಸಿಟಿಎಲ್ ವೆರಿಫೈ ಯಾವ ಕಡತಕ್ಕೆ ಸಹಿ ಇಲ್ಲವೆಂದು ಹೇಳುತ್ತದೆ, ಯುಕಿಫೈನ ಇನ್‌ಸ್ಪೆಕ್ಟ್ ಒಳಗಿನ ವಿಭಾಗಗಳನ್ನು ತೋರಿಸುತ್ತದೆ. ಎರಡನ್ನೂ ನೋಡಿದ ಮೇಲಷ್ಟೇ ಫರ್ಮ್‌ವೇರ್‌ನಲ್ಲಿ ಸೆಕ್ಯೂರ್ ಬೂಟನ್ನು ಮತ್ತೆ ಚಾಲೂ ಮಾಡಿ. ಹೊಸ ವ್ಯವಸ್ಥೆ ಒಮ್ಮೆ ಬೂಟ್ ಆದ ಬಳಿಕ, ಬಿಡಿಯಾಗಿ ಉಳಿದ ಹಳೆಯ ಇನಿಟ್‌ಆರ್‌ಡಿಗಳನ್ನೂ ಗ್ರಬ್ಬನ್ನೂ ಇಎಸ್‌ಪಿಯಿಂದ ತೆಗೆದುಹಾಕಿ.

ವಿತರಣೆಗಳೂ ಈ ದಿಕ್ಕಿನಲ್ಲಿ ನಿಧಾನವಾಗಿ ಹೊರಟಿವೆ. ಫೆಡೋರಾ 2023ರ 38ನೆಯ ಆವೃತ್ತಿಯಿಂದ ವರ್ಚುವಲ್ ಯಂತ್ರಗಳಿಗಾಗಿ ಸಿದ್ಧ ಇನಿಟ್‌ಆರ್‌ಡಿ ಸೇರಿದ, ತಾನೇ ಸಹಿ ಮಾಡಿದ ಯುಕೆಐ ಪ್ಯಾಕೇಜನ್ನು ಕೊಡುತ್ತಿದೆ. ವರ್ಚುವಲ್ ಯಂತ್ರದ ಹಾರ್ಡ್‌ವೇರ್ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅಲ್ಲಿ ಒಂದೇ ಇನಿಟ್‌ಆರ್‌ಡಿ ಎಲ್ಲರಿಗೂ ಹೊಂದುತ್ತದೆ.

ಹೆಜ್ಜೆ 7: ಟಿಪಿಎಂನಿಂದ ಅಳೆಯಿಸಿ

ಸಹಿ ಎಂಬುದು ಅನುಮತಿ, ಅಳತೆ ಎಂಬುದು ದಾಖಲೆ. ಬೂಟಿನ ಪ್ರತಿ ಹಂತದಲ್ಲಿ ಮುಂದಿನ ಘಟಕದ ಹ್ಯಾಶ್ ಟಿಪಿಎಂನ ಪಿಸಿಆರ್ ಎಂಬ ದಾಖಲಾತಿಗಳಲ್ಲಿ ಕೂಡುತ್ತ ಹೋಗುತ್ತದೆ. ಹಿಂದಕ್ಕೆ ತಿದ್ದಲು ಬರುವುದಿಲ್ಲ. ಡಿಸ್ಕಿನ ಕೀಲಿಯನ್ನು ನಿರ್ದಿಷ್ಟ ಪಿಸಿಆರ್ ಬೆಲೆಗಳಿಗೆ ಕಟ್ಟಿಹಾಕಿದರೆ, ಆ ಬೆಲೆಗಳು ಬಂದಾಗ ಮಾತ್ರ ಟಿಪಿಎಂ ಕೀಲಿಯನ್ನು ಬಿಟ್ಟುಕೊಡುತ್ತದೆ. ಸಿಸ್ಟಂಡಿ-ಕ್ರಿಪ್ಟ್‌ಎನ್‌ರೋಲ್ ಇದನ್ನು ಒಂದೇ ಆಜ್ಞೆಯಲ್ಲಿ ಮಾಡುತ್ತದೆ. ಆದರೆ ಯಾವ ಪಿಸಿಆರ್ ಎಂಬುದರ ಆಯ್ಕೆಯಲ್ಲಿಯೇ ಎಲ್ಲವೂ ಅಡಗಿದೆ.

ಪಿಸಿಆರ್ 7 ಸೆಕ್ಯೂರ್ ಬೂಟಿನ ಸ್ಥಿತಿಯನ್ನು ಮತ್ತು ಬಳಕೆಯಾದ ಕೀಲಿಗಳನ್ನು ದಾಖಲಿಸುತ್ತದೆ. ಇನಿಟ್‌ಆರ್‌ಡಿ ಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಗ್ರಬ್ ಇರುವ ಯಂತ್ರದಲ್ಲಿ ಪಿಸಿಆರ್ 7 ಒಂದಕ್ಕೇ ಕೀಲಿ ಕಟ್ಟಿ, ಪಿನ್ ಇಲ್ಲದೆ ತಾನಾಗಿ ಡಿಸ್ಕ್ ತೆರೆಯುವಂತೆ ಮಾಡುವುದು ನನ್ನ ದೃಷ್ಟಿಯಲ್ಲಿ ಪಾಸ್‌ಫ್ರೇಸ್‌ಗಿಂತಲೂ ಕೆಟ್ಟ ವ್ಯವಸ್ಥೆ: ಇನಿಟ್‌ಆರ್‌ಡಿ ಬದಲಿಸಿದವರು ನಿಮ್ಮ ಬರವಿಗೂ ಕಾಯಬೇಕಿಲ್ಲ, ಟಿಪಿಎಂ ಅವರಿಗೇ ಕೀಲಿ ಕೊಡುತ್ತದೆ. ಗ್ರಬ್ ತಾನು ಓದಿದ ಕಡತಗಳನ್ನು ಪಿಸಿಆರ್ 9ರಲ್ಲಿ ದಾಖಲಿಸುತ್ತದೆ, ಹಾಗಾಗಿ ಇನಿಟ್‌ಆರ್‌ಡಿ ಅಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಪ್ರತಿ ನವೀಕರಣದಲ್ಲಿಯೂ ಆ ಬೆಲೆ ಬದಲಾಗುತ್ತದೆ. ಯುಕೆಐ ಬಳಸಿದರೆ ಸಿಸ್ಟಂಡಿ-ಸ್ಟಬ್ ಎಲ್ಲ ವಿಭಾಗಗಳನ್ನೂ ಪಿಸಿಆರ್ 11ರಲ್ಲಿ ಅಳೆಯುತ್ತದೆ. 7 ಮತ್ತು 11 ಎರಡಕ್ಕೂ ಕಟ್ಟುವುದು ಉತ್ತಮ. ನವೀಕರಣದ ಕಿರಿಕಿರಿ ತಪ್ಪಿಸಲು, ಯುಕಿಫೈಗೆ ಪಿಸಿಆರ್ ಸಹಿಯ ಪ್ರತ್ಯೇಕ ಕೀಲಿ ಕೊಟ್ಟು ನಿರೀಕ್ಷಿತ ಪಿಸಿಆರ್ 11 ಬೆಲೆಗಳಿಗೆ ಸಹಿ ಮಾಡಿಸಿ, ಡಿಸ್ಕನ್ನು ಬೆಲೆಯ ಬದಲು ಆ ಸಾರ್ವಜನಿಕ ಕೀಲಿಗೆ ಕಟ್ಟಬಹುದು.

ಇಷ್ಟಾದರೂ ಒಂದು ಬಿಲ ಉಳಿಯುತ್ತದೆ. ದಾಳಿಕೋರರು ನಿಮ್ಮ ಲಕ್ಸ್ ಪಾರ್ಟಿಷನ್‌ನ ಪ್ರತಿ ತೆಗೆದುಕೊಂಡು, ಅದರ ಜಾಗದಲ್ಲಿ ತಮಗೆ ಪಾಸ್‌ಫ್ರೇಸ್ ಗೊತ್ತಿರುವ, ಅದೇ ಗುರುತುಗಳ ಇನ್ನೊಂದು ಲಕ್ಸ್ ಪಾರ್ಟಿಷನ್ ಇಡುತ್ತಾರೆ. ಸಹಿಯುಳ್ಳ, ತಿದ್ದದ ಇನಿಟ್‌ಆರ್‌ಡಿಯೇ ಓಡುತ್ತದೆ; ಟಿಪಿಎಂ ಕೀಲಿ ಹೊಂದದೆ ಹೋದಾಗ ಪಾಸ್‌ಫ್ರೇಸ್ ಕೇಳುತ್ತದೆ, ಅವರು ತಮ್ಮದನ್ನು ಕೊಡುತ್ತಾರೆ. ಆಗ ಅವರ ರೂಟ್ ಓಡುತ್ತಿರುವಾಗಲೂ ಪಿಸಿಆರ್ ಬೆಲೆಗಳು ಸರಿಯಾಗಿಯೇ ಇರುವುದರಿಂದ, ನಿಮ್ಮ ಡಿಸ್ಕಿನ ನಿಜವಾದ ಕೀಲಿಯನ್ನು ಟಿಪಿಎಂನಿಂದ ಅಲ್ಲಿಯೇ ಕೇಳಿ ಪಡೆಯಬಹುದು. ಇದಕ್ಕೆ ಎರಡು ಮದ್ದುಗಳಿವೆ. ಎನ್‌ಕ್ರಿಪ್ಟ್ ಆದ ಡಿಸ್ಕ್‌ಗಳ ಸಂರಚನಾ ಕಡತವಾದ ಕ್ರಿಪ್ಟ್‌ಟ್ಯಾಬ್‌ನಲ್ಲಿ ಟಿಪಿಎಂ2-ಮೆಷರ್-ಪಿಸಿಆರ್ ಆಯ್ಕೆ ಕೊಟ್ಟರೆ ತೆರೆದ ಪಾರ್ಟಿಷನ್‌ನ ಕೀಲಿಯ ಗುರುತು ಪಿಸಿಆರ್ 15ರಲ್ಲಿ ದಾಖಲಾಗುತ್ತದೆ. ಆ ಪಿಸಿಆರ್ ಇನ್ನೂ ಸೊನ್ನೆಯಾಗಿರುವಾಗ ಮಾತ್ರ ಕೀಲಿ ಸಿಗುವಂತೆ ಕಟ್ಟಿದರೆ ನಂತರ ಯಾರಿಗೂ ಸಿಗದು. ಇನ್ನೂ ಸರಳವಾದದ್ದು ಪಿನ್: ಕ್ರಿಪ್ಟ್‌ಎನ್‌ರೋಲ್‌ಗೆ ಟಿಪಿಎಂ2-ವಿತ್-ಪಿನ್ ಆಯ್ಕೆ ಕೊಡಿ. ತಪ್ಪು ಪಿನ್‌ಗಳ ಸರಮಾಲೆಗೆ ಟಿಪಿಎಂ ತಾನೇ ಬೀಗ ಹಾಕಿಕೊಳ್ಳುವುದರಿಂದ ಪಿನ್ ಬಹಳ ಉದ್ದವಿರಬೇಕಿಲ್ಲ. ಲ್ಯಾಪ್‌ಟಾಪ್‌ಗಳಿಗೆ ಪಿನ್ ಇಲ್ಲದ ವ್ಯವಸ್ಥೆಯನ್ನು ನಾನು ಸೂಚಿಸುವುದಿಲ್ಲ.

ಹೆಜ್ಜೆ 8: ಕೆಟ್ಟರೆ ಮರಳುವ ದಾರಿ ಇಟ್ಟುಕೊಳ್ಳಿ

ಫರ್ಮ್‌ವೇರ್ ನವೀಕರಣ, ಸೆಕ್ಯೂರ್ ಬೂಟ್ ಕೀಲಿಗಳ ಪಟ್ಟಿಯ ನವೀಕರಣ ಇವು ಪಿಸಿಆರ್‌ಗಳನ್ನು ಬದಲಿಸುತ್ತವೆ, ಆಗ ಟಿಪಿಎಂ ಕೀಲಿ ಕೊಡುವುದಿಲ್ಲ. ಕ್ರಿಪ್ಟ್‌ಎನ್‌ರೋಲ್‌ನ ರಿಕವರಿ-ಕೀ ಆಯ್ಕೆಯಿಂದ ಒಂದು ಉದ್ದನೆಯ ಕೀಲಿಯನ್ನು ಹುಟ್ಟಿಸಿ ಕಾಗದದ ಮೇಲೆ ಬರೆದು ಬೇರೆಡೆ ಇಡಿ. ಲಕ್ಸ್ ಹೆಡರ್‌ನ ಪ್ರತಿಯನ್ನೂ ಹೊರಗಿನ ಮಾಧ್ಯಮದಲ್ಲಿ ಉಳಿಸಿಕೊಳ್ಳಿ. ಇಷ್ಟು ಮಾಡುವ ಮೊದಲು ಹಳೆಯ ಪಾಸ್‌ಫ್ರೇಸನ್ನು ಅಳಿಸಬೇಡಿ. ಅನಿರೀಕ್ಷಿತವಾಗಿ ರಿಕವರಿ ಕೀಲಿ ಕೇಳಿದಾಗ ಮಾತ್ರ ಅದನ್ನು ಕೊಡುವ ಮುನ್ನ ತಡೆಯಿರಿ. ಇತ್ತೀಚೆಗೆ ನೀವೇ ಏನಾದರೂ ನವೀಕರಿಸಿದ್ದೀರಾ ಎಂದು ಯೋಚಿಸಿ. ಇಲ್ಲವೆಂದಾದರೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಮೂರನೆಯ ಹೆಜ್ಜೆಯ ಹೋಲಿಕೆಯನ್ನು ಮೊದಲು ಮುಗಿಸಿ, ಏಕೆಂದರೆ ಟಿಪಿಎಂ ಕೀಲಿ ಕೊಡದಿರುವುದೇ ಈ ವ್ಯವಸ್ಥೆ ಕೊಡಬಲ್ಲ ಎಚ್ಚರಿಕೆ.

ಕನಿಷ್ಠ ಒಂದು ಹಿಂದಿನ ಯುಕೆಐಯನ್ನು ಸಹಿಯೊಂದಿಗೆ ಇಟ್ಟುಕೊಳ್ಳುವುದು ಜಾಣತನ, ಹತ್ತು ಇಟ್ಟುಕೊಳ್ಳುವುದು ಅಲ್ಲ. ನಿಮ್ಮ ಕೀಲಿಯಿಂದ ಸಹಿಯಾದ ಹಳೆಯ ಯುಕೆಐ, ಒಳಗಿನ ಕರ್ನಲ್‌ನಲ್ಲಿ ದೋಷವಿದೆಯೆಂದು ತಿಳಿದ ಮೇಲೂ, ಫರ್ಮ್‌ವೇರ್ ಪಾಲಿಗೆ ಮಾನ್ಯವಾಗಿಯೇ ಇರುತ್ತದೆ. ಅಳಿಸಿದರೂ ಅದರ ಪ್ರತಿ ಬೇರೊಬ್ಬರ ಬಳಿ ಇರಬಹುದಾದ್ದರಿಂದ, ಅಂಥದ್ದರ ಹ್ಯಾಶನ್ನು ಫರ್ಮ್‌ವೇರ್‌ನ ನಿಷೇಧಪಟ್ಟಿಗೆ ಸೇರಿಸಬೇಕು. ಸಹಿಯ ಖಾಸಗಿ ಕೀಲಿ ಎನ್‌ಕ್ರಿಪ್ಟ್ ಆದ ರೂಟಿನೊಳಗೆ ಮಾತ್ರ ಇರಲಿ, ಇಎಸ್‌ಪಿಯಲ್ಲಾಗಲಿ ತೆರೆದ ಬೂಟ್ ಪಾರ್ಟಿಷನ್‌ನಲ್ಲಾಗಲಿ ಅಲ್ಲ. ಹೊಸ ಕರ್ನಲ್ ಬಂದಾಗ ಕಟ್ಟುವುದು, ಸಹಿ ಮಾಡುವುದು ಎರಡೂ ತಾನಾಗಿ ನಡೆಯುವಂತೆ ಕರ್ನಲ್-ಇನ್‌ಸ್ಟಾಲ್‌ನ ಲೇಔಟನ್ನು ಯುಕೆಐ ಎಂದು ಹೊಂದಿಸಿ, ಮುಂದಿನ ಕರ್ನಲ್ ನವೀಕರಣದ ನಂತರ ರೀಬೂಟ್ ಮಾಡುವ ಮುನ್ನ ಎಸ್‌ಬಿಸಿಟಿಎಲ್ ವೆರಿಫೈ ಓಡಿಸಿ ನೋಡಿ.